ಕುಳ್ಳ ಭತ್ತಕ್ಕೆ ಯಾಕಿಷ್ಟು ಯೂರಿಯಾ ಹಸಿವು?

ಹಳೇ ಉದ್ದ ಭತ್ತಕ್ಕೆ ಯೂರಿಯಾ ಜಾಸ್ತಿ ಕೊಟ್ರೆ ಪೈರು ಮಲಗಿಬಿಡುತ್ತಿತ್ತು. 1966ರಲ್ಲಿ ಬಂದ ಐಆರ್-8 ಕುಳ್ಳ ತಳಿ. ಚೆನ್ನಾಗಿ ಉಣಿಸಿದರೂ ಬೀಳಲಿಲ್ಲ. ಇಳುವರಿ ಏರಿತು, ಗೊಬ್ಬರದ ಖರ್ಚೂ ಏರಿತು.

ಇದರ ಒಳಗುಟ್ಟು 2018ರಲ್ಲಿ ಹೊರಬಿತ್ತು. ಚೀನಾದ ವಿಜ್ಞಾನಿ ಫು ಷಿಯಾಂಗ್‌ಡಾಂಗ್ ಮತ್ತು ಸಂಗಡಿಗರು ಕಂಡದ್ದರಲ್ಲಿ, ಏಳನೇ ಕ್ಲಾಸು ಓದಿದ ನನಗೆ ತಿಳಿದದ್ದು ಇಷ್ಟು: ಗಿಡವನ್ನು ಕುಳ್ಳಗಿಡೋದು ಡೆಲ್ಲಾ ಎಂಬ ಪ್ರೋಟೀನು. ಅದು ಬೆಳವಣಿಗೆಗೆ ಮೂಗುದಾರ ಹಾಕುವುದಲ್ಲದೆ, ಬೇರು ಸಾರಜನಕ ಹೀರೋದನ್ನೂ ತಗ್ಗಿಸುತ್ತದೆ. ಜಿಆರ್‌ಎಫ್-4 ಎಂಬ ವಂಶವಾಹಿ ಇದಕ್ಕೆ ಎದುರು ಎಳೆಯುತ್ತದೆ. ಅದರ ಬಲ ಹೆಚ್ಚಿಸಿದಾಗ ಗಿಡ ಕುಳ್ಳಗೇ ಉಳಿದು, ಕಡಿಮೆ ಸಾರಜನಕದಲ್ಲೂ ಹೆಚ್ಚು ಕಾಳು ಕೊಟ್ಟಿತು.

ಅಂದರೆ ಹಸಿವು ಮಣ್ಣಿನದಷ್ಟೇ ಅಲ್ಲ, ಬೀಜದ್ದೂ ಹೌದು. ಬೀಜ ಕೊಳ್ಳುವಾಗ ನಾವು ಕೇಳೋದು 'ಎಕರೆಗೆ ಎಷ್ಟು ಮೂಟೆ?' ಅಂತ. 'ಗೊಬ್ಬರ ಕಮ್ಮಿ ಕೊಟ್ರೆ ಎಷ್ಟು?' ಅಂತಲೂ ಕೇಳಬೇಕು.

ಮಳೆ ನಂಬಿದ ನನ್ನಂಥ ರಾಗಿ ಬೆಳೆಗಾರರಿಗೆ ಇನ್ನೊಂದು ಮಾತು. ಮಣ್ಣಿನ ಮೇಲೇ ಉಳಿದ ಯೂರಿಯಾದಲ್ಲಿ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಎಂಥ ಬೀಜ ಬಿತ್ತಿದರೂ ಅದು ಹೊಲಕ್ಕೆ ವಾಪಸು ಬರೋದಿಲ್ಲ. ಹಾಗಾಗಿ ಹದ ನೋಡಿ, ಕಂತಿನಲ್ಲಿ ಕೊಟ್ಟು, ಎಡೆಕುಂಟೆ ಹೊಡೆದು ಮಣ್ಣಿಗೆ ಸೇರಿಸಿ. ಅಕ್ಕಡಿ ಸಾಲಿನ ಅವರೆ, ತೊಗರಿ ಬಿಡಬೇಡಿ. ಅವುಗಳ ಬೇರಿನ ಗಂಟು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತೆ. ಅದಕ್ಕೆ ಅಂಗಡಿಯಲ್ಲಿ ಸಾಲ ಬರೆಸಬೇಕಿಲ್ಲ.