ದ್ರಾಕ್ಷಾರಸಕ್ಕೂ ಒಂದು ಊರು: ಪೊಮೆರೋಲ್, ಹಂಪಿ ಹಿಲ್ಸ್ ಮತ್ತು ನಮ್ಮ ರಾಯಚೂರು



ಡಿಸೆಂಬರ್ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಮನೆಗಳಲ್ಲಿ ಕುಸ್ವಾರಿನ ಜೊತೆಗೆ ವೈನಿನ ಮಾತೂ ಬರುತ್ತದೆ. ಮಾರುಕಟ್ಟೆಯಿಂದ ಕಪ್ಪು ದ್ರಾಕ್ಷಿ ತಂದು, ತೊಳೆದು ಆರಿಸಿ, ಹಿಚುಕಿ, ಸಕ್ಕರೆ, ಗೋಧಿ, ಯೀಸ್ಟ್, ಚಕ್ಕೆ, ಲವಂಗ ಸೇರಿಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಇಡುವ ಕೆಲಸ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಆದರೆ ಆ ದ್ರಾಕ್ಷಿ ನಮ್ಮ ಊರಿನದ್ದಲ್ಲ. ಕರಾವಳಿಯ ಮಳೆ ಮತ್ತು ತೇವಕ್ಕೆ ದ್ರಾಕ್ಷಿ ಬಳ್ಳಿ ಒಗ್ಗುವುದಿಲ್ಲ, ರೋಗ ಹಿಡಿಯುತ್ತದೆ. ಘಟ್ಟದ ಮೇಲಿನ ಒಣ ಬಯಲಿನಿಂದಲೇ ಅದು ಇಳಿದು ಬರಬೇಕು.

ಆ ಒಣ ಬಯಲಿನಲ್ಲೇ ನಮ್ಮ ಕರಾವಳಿಯ ಅನೇಕ ಗುರುಗಳು ಮತ್ತು ಧರ್ಮಭಗಿನಿಯರು ಸೇವೆಯಲ್ಲಿದ್ದಾರೆ. ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ರಾಯಚೂರು, ಮಾನ್ವಿ, ದೇವದುರ್ಗದ ಹೆಸರುಗಳು ನಮ್ಮ ಧರ್ಮಕೇಂದ್ರಗಳಿಗೆ ಹೊಸದಲ್ಲ. ಮಾನ್ವಿಯಲ್ಲಿ ಯೇಸುಸಭೆಯ ಗುರುಗಳು ಶಿಕ್ಷಣ ಸಂಸ್ಥೆ ನಡೆಸುತ್ತಿದ್ದಾರೆ. ಆ ಕಡೆಯ ನೆರೆಯಲ್ಲೇ ಇಂದು ಕೆಂಪು ವೈನಿನ ತೋಟವೊಂದು ಹೆಸರು ಮಾಡಿದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು. ವೈನ್ ತೋಟ ಎಂದರೇನು, ಬಾಟಲಿಯ ಮೇಲೆ ಊರ ಹೆಸರು ಬರುವುದು ಹೇಗೆ, ಅದರಿಂದ ಆ ಊರಿನ ಬಡವರಿಗೆ ಏನು ಸಿಗಬಹುದು ಎಂಬುದನ್ನು ಇಲ್ಲಿ ತಿಳಿಸಲು ಪ್ರಯತ್ನಿಸಿದ್ದೇವೆ.

ಪೊಮೆರೋಲ್ ಎಂಬ ಸಣ್ಣ ಊರು

ಮೊದಲು ಫ್ರಾನ್ಸ್ ದೇಶದ ಮಾತು. ಅಲ್ಲಿನ ಬೋರ್ಡೊ ಸೀಮೆಯಲ್ಲಿ ಲಿಬೂರ್ನ್ ಪಟ್ಟಣದ ಪಕ್ಕ ಪೊಮೆರೋಲ್ ಎಂಬ ಊರಿದೆ. ಅಲ್ಲಿನ ದ್ರಾಕ್ಷಿ ತೋಟಗಳೆಲ್ಲ ಸೇರಿ ಸುಮಾರು 800 ಹೆಕ್ಟೇರ್, ಅಂದರೆ 2,000 ಎಕರೆಯ ಆಸುಪಾಸು. ಮಾನ್ವಿ ತಾಲೂಕಿನ ಒಂದು ದೊಡ್ಡ ಊರಿನ ಹೊಲಗಳಷ್ಟು ಎಂದುಕೊಳ್ಳಬಹುದು. ಅಷ್ಟು ಜಾಗವನ್ನು ನೂರಕ್ಕೂ ಹೆಚ್ಚು ಬೆಳೆಗಾರರು ಹಂಚಿಕೊಂಡಿದ್ದಾರೆ. ಲೋಕಪ್ರಸಿದ್ಧವಾದ ಪೆಟ್ರೂಸ್ ತೋಟ ಸುಮಾರು 28 ಎಕರೆ ಮಾತ್ರ.

ಈ ಊರಿಗೂ ಧರ್ಮಸಭೆಯ ಚರಿತ್ರೆಗೂ ನಂಟಿದೆ. 12ನೇ ಶತಮಾನದಲ್ಲಿ ಸಂತ ಯೊವಾನ್ನರ ಹೆಸರಿನ ಹಾಸ್ಪಿಟಲರ್ ಸಭೆಯವರು ಇಲ್ಲಿ ನೆಲೆಸಿ, ಸ್ಪೇನಿನ ಸಾಂತಿಯಾಗೊ ಪುಣ್ಯಕ್ಷೇತ್ರಕ್ಕೆ ನಡೆದು ಹೋಗುವ ಯಾತ್ರಿಕರಿಗೆ ಆಶ್ರಯ ಕೊಡುತ್ತಿದ್ದರು. ಫ್ರಾನ್ಸಿನ ಬೇರೆ ಸೀಮೆಗಳಲ್ಲೂ ಹೀಗೆಯೇ. 1098ರಲ್ಲಿ ಸ್ಥಾಪನೆಯಾದ ಸಿತೋ ಮಠದ ಸನ್ಯಾಸಿಗಳು ಬರ್ಗಂಡಿಯಲ್ಲಿ ಬೆಳೆಸಿದ ವೂಜೋ ತೋಟ ಇಂದಿಗೂ ಇದೆ. ಬಲಿಪೂಜೆಗೆ ದ್ರಾಕ್ಷಾರಸ ಬೇಕು, ಅತಿಥಿಗೆ ಊಟದ ಜೊತೆ ದ್ರಾಕ್ಷಾರಸ ಬೇಕು ಎಂಬ ಕಾರಣದಿಂದ ಮಠಗಳು ಬಳ್ಳಿಯನ್ನು ಶ್ರದ್ಧೆಯಿಂದ ಸಾಕಿದವು.

1936ರಲ್ಲಿ ಪೊಮೆರೋಲಿಗೆ ಸರಕಾರದ ಅಧಿಕೃತ 'ಹೆಸರಿನ ಹಕ್ಕು' ಸಿಕ್ಕಿತು. ಇದರ ಅರ್ಥವೇನು? ಆ ಊರಿನ ಗಡಿಯೊಳಗೆ, ಗೊತ್ತುಪಡಿಸಿದ ತಳಿಗಳಿಂದ, ಎಕರೆಗೆ ಇಂತಿಷ್ಟೇ ಎಂಬ ಮಿತಿಯಲ್ಲಿ ಬೆಳೆದ ದ್ರಾಕ್ಷಿಯ ಕೆಂಪು ವೈನಿಗೆ ಮಾತ್ರ ಪೊಮೆರೋಲ್ ಎಂಬ ಹೆಸರು ಹಾಕಬಹುದು. ಬಿಳಿ ವೈನಿಗೆ ಆ ಹೆಸರಿಲ್ಲ. ಪಕ್ಕದ ಊರಿನವನು ಎಷ್ಟು ಒಳ್ಳೆಯ ವೈನ್ ಮಾಡಿದರೂ ಆ ಹೆಸರು ಬಳಸುವಂತಿಲ್ಲ.

ನಮ್ಮವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಶಂಕರಪುರದ ಅನೇಕ ಕ್ರೈಸ್ತ ಕುಟುಂಬಗಳು ಕಟ್ಟಿ ಬದುಕಿದ ಉಡುಪಿ ಮಲ್ಲಿಗೆಗೆ ಮತ್ತು ಮಟ್ಟು ಊರಿನ ಗುಳ್ಳಕ್ಕೆ ಸಿಕ್ಕಿರುವ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೇ ಬಗೆಯದು. ಬೆಂಗಳೂರು ಬ್ಲೂ ದ್ರಾಕ್ಷಿಗೂ ಆ ಮಾನ್ಯತೆ ಇದೆ. ಹೆಸರು ಒಬ್ಬ ವ್ಯಾಪಾರಿಯದ್ದಲ್ಲ, ಊರಿನದ್ದು. ಹಾಗಾಗಿ ಲಾಭವೂ ಊರಿನ ಎಲ್ಲ ಬೆಳೆಗಾರರಿಗೆ ಬರಬೇಕು ಎಂಬುದು ಅದರ ಹಿಂದಿನ ಯೋಚನೆ.

ಹೆಸರು ಸುಮ್ಮನೆ ಬರುವುದಿಲ್ಲ. 1956ರ ಫೆಬ್ರವರಿಯಲ್ಲಿ ಬಿದ್ದ ಭೀಕರ ಹಿಮದಿಂದ ಪೊಮೆರೋಲಿನ ಬಹುಪಾಲು ಬಳ್ಳಿಗಳು ಸತ್ತುಹೋದವು. ಬೆಳೆಗಾರರು ಮತ್ತೆ ನೆಟ್ಟು, ಮತ್ತೆ ಕಾದು, ಮತ್ತೆ ಎದ್ದುನಿಂತರು.

ಪೊಮೆರೋಲಿನಿಂದ ಕರ್ನಾಟಕಕ್ಕೆ

ಈ ಊರಿಗೂ ನಮ್ಮ ರಾಜ್ಯಕ್ಕೂ ಒಂದು ನೇರ ಸಂಬಂಧವಿದೆ. 1988ರಲ್ಲಿ ಕನ್ವಲ್ ಗ್ರೋವರ್ ಅವರು ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, ಫ್ರೆಂಚ್ ತಳಿಗಳ ದ್ರಾಕ್ಷಿ ತೋಟ ಆರಂಭಿಸಿದರು. 1990ರ ದಶಕದ ಮಧ್ಯಭಾಗದಿಂದ ಅವರಿಗೆ ಸಲಹೆಗಾರರಾಗಿ ಬಂದವರು ಮಿಶೆಲ್ ರೋಲಾನ್. ಅವರ ಮನೆತನದ ತೋಟ ಪೊಮೆರೋಲಿನಲ್ಲಿತ್ತು. 20 ಎಕರೆಗಿಂತಲೂ ಕಡಿಮೆಯ ಆ ತೋಟದ ಹೆಸರು ಲ ಬೋನ್ ಪಾಸ್ತೂರ್, ಅಂದರೆ 'ಒಳ್ಳೆಯ ಕುರುಬ'. 2013ರಲ್ಲಿ ಆ ತೋಟ ಬೇರೆಯವರ ಕೈಗೆ ಹೋಯಿತು. ಆದರೆ ಆ ಮಣ್ಣಿನಲ್ಲಿ ಕಲಿತ ವಿದ್ಯೆ ನಂದಿಯ ತಪ್ಪಲಿಗೂ ಬಂದಿತ್ತು.

ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲವಿಡೀ ಮಲಗುತ್ತದೆ, ವಸಂತದಲ್ಲಿ ಚಿಗುರುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಕೊಯ್ಲು. ನಮ್ಮ ಬಿಸಿಲ ನಾಡಿನಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಆದ್ದರಿಂದ ವಿಜಯಪುರ ಕಡೆಯ ರೈತರು ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತಾರೆ. ಇದಕ್ಕೆ ಚಾಟ್ನಿ ಎನ್ನುತ್ತಾರೆ. ಎಪ್ರಿಲ್ ಚಾಟ್ನಿ ಕಡ್ಡಿ ಬಲಿಯಲು, ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಬೇಸಿಗೆಯ ಆರಂಭದಲ್ಲಿ ಕೊಯ್ಲು.

ತಿನ್ನುವ ದ್ರಾಕ್ಷಿಯೇ ಬೇರೆ, ವೈನ್ ದ್ರಾಕ್ಷಿಯೇ ಬೇರೆ. ವೈನ್ ದ್ರಾಕ್ಷಿಯ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನಿನ ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ಅದಕ್ಕಾಗಿ ಸಿಪ್ಪೆ ಸಹಿತವಾಗಿಯೇ ರಸವನ್ನು ಹುಳಿಯಲು ಬಿಡುತ್ತಾರೆ. ಯೀಸ್ಟ್ ಹಣ್ಣಿನ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾಡುತ್ತದೆ. ಒಳ್ಳೆಯ ಕೆಂಪು ವೈನನ್ನು ಆಮೇಲೆ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ.

ಹಳೆಯ ರಾಯಚೂರು ಜಿಲ್ಲೆಯ ಕೆಂಪು ವೈನ್

ಈಗ ರಾಯಚೂರಿನ ಕಡೆಗೆ ಬರೋಣ. ಕೊಪ್ಪಳ 1997ರಲ್ಲಿ ಬೇರೆ ಜಿಲ್ಲೆಯಾಯಿತು. ಅದಕ್ಕೆ ಮೊದಲು ಅದು ರಾಯಚೂರು ಜಿಲ್ಲೆಯ ಭಾಗವೇ ಆಗಿತ್ತು. ಆ ಕೊಪ್ಪಳದ ಗುಡ್ಡಗಳ ನಡುವೆ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ 2008ರಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟರು. ಇಬ್ಬರ ಹೆಸರನ್ನೂ ಕೂಡಿಸಿ ತೋಟಕ್ಕೆ ಕ್ರಿಸ್ಮಾ ಎಂದು ಹೆಸರಿಟ್ಟರು. ಕ್ಯಾಬರ್ನೆ ಸೊವಿನ್ಯೋನ್, ಸಾಂಜೊವೇಸೆ, ಸಿರಾ ಮೊದಲಾದ ತಳಿಗಳು ಅಲ್ಲಿವೆ. ಆ ವೈನ್ 'ಹಂಪಿ ಹಿಲ್ಸ್' ಎಂಬ ಹೆಸರಿನಲ್ಲಿ ಮಹಾನಗರಗಳ ದೊಡ್ಡ ಹೋಟೆಲುಗಳನ್ನು ತಲುಪಿದೆ.

ಹಾಗಾದರೆ ಮಾನ್ವಿಯಲ್ಲಿ, ದೇವದುರ್ಗದಲ್ಲಿ ಏಕೆ ಇಲ್ಲ? ಮಣ್ಣು, ನೀರು, ಹಣ ಈ ಮೂರನ್ನೂ ನೋಡಬೇಕು.

ದ್ರಾಕ್ಷಿಗೆ ನೀರು ಬಸಿದು ಹೋಗುವ ಮಣ್ಣು ಬೇಕು. ಕಲ್ಲು ಮಿಶ್ರಿತ ಮಸಾರಿ ಭೂಮಿ ಒಳ್ಳೆಯದು. ಎರೆ ಭೂಮಿಯಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಗುಡ್ಡದ ಎತ್ತರದಲ್ಲಿ ರಾತ್ರಿ ಸ್ವಲ್ಪ ತಂಪು ಸಿಗುತ್ತದೆ. ಅದರಿಂದ ಹಣ್ಣಿನ ಹುಳಿಯೂ ಬಣ್ಣವೂ ಉಳಿಯುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಯಲಿನಲ್ಲಿ ಅದು ಸುಲಭವಲ್ಲ.

ನೀರಿನ ಲೆಕ್ಕ ಬೇರೆ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ. ನೀರು ಬಂದ ಕಡೆ ಭತ್ತ ಬಂತು. ಕಾಲುವೆಯ ಕೆಳಭಾಗದ ರೈತ ಮಾತ್ರ ಪ್ರತಿ ವರ್ಷ ನೀರಿಗಾಗಿ ಕಾಯುತ್ತಾನೆ. ಹನಿ ನೀರಾವರಿಯ ದ್ರಾಕ್ಷಿಗೆ ಭತ್ತಕ್ಕಿಂತ ಬಹಳ ಕಡಿಮೆ ನೀರು ಸಾಕು. ಈ ದೃಷ್ಟಿಯಿಂದ ಮಸಾರಿ ಹೊಲವಿರುವ ರೈತ ದ್ರಾಕ್ಷಿಯ ಯೋಚನೆ ಮಾಡುವುದರಲ್ಲಿ ತಪ್ಪಿಲ್ಲ.

ಆದರೆ ಹಣ? ಚಪ್ಪರದ ಕಂಬ, ತಂತಿ, ಹನಿ ಪೈಪು, ಔಷಧಿ, ಚಾಟ್ನಿಯ ಕೂಲಿ ಎಲ್ಲಕ್ಕೂ ಮೊದಲೇ ದೊಡ್ಡ ಮೊತ್ತ ಹಾಕಬೇಕು. ಬೆಳೆ ಕೈಗೆ ಬರಲು ಎರಡು ಮೂರು ವರ್ಷ ಬೇಕು. ತಿನ್ನುವ ದ್ರಾಕ್ಷಿಗೆ ಬೆಲೆ ಬಿದ್ದರೆ ವಿಜಯಪುರದ ರೈತ ಅದನ್ನು ಒಣಗಿಸಿ ಮಣುಕ ಮಾಡುತ್ತಾನೆ. ವೈನ್ ದ್ರಾಕ್ಷಿಗೆ ಆ ದಾರಿಯೂ ಇಲ್ಲ. ಕಾರ್ಖಾನೆ ಕೊಳ್ಳದಿದ್ದರೆ ಅದನ್ನು ಕೇಳುವವರಿಲ್ಲ. 2008ರ ಆರ್ಥಿಕ ಹಿಂಜರಿತದ ನಂತರ ನಾಸಿಕ್ ಕಡೆ ವೈನ್ ಕಾರ್ಖಾನೆಗಳು ಖರೀದಿ ಕಡಿಮೆ ಮಾಡಿದಾಗ, ಅನೇಕ ರೈತರು ತಾವೇ ನೆಟ್ಟ ಬಳ್ಳಿಗಳನ್ನು ಕಿತ್ತುಹಾಕಿದರು. ಆದ್ದರಿಂದ ಯಾರಾದರೂ ಸಲಹೆ ಕೇಳಿದರೆ ನಾವು ಹೇಳುವುದು ಇಷ್ಟೆ: ಕೊಳ್ಳುವವರು ಯಾರು, ಎಷ್ಟು ವರ್ಷಕ್ಕೆ, ಯಾವ ದರಕ್ಕೆ ಎಂಬ ಲಿಖಿತ ಒಪ್ಪಂದವಿಲ್ಲದೆ ವೈನ್ ದ್ರಾಕ್ಷಿ ನೆಡಬಾರದು.

ದೇವದುರ್ಗವನ್ನು 2002ರ ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಎಣಿಸಿತು. ಅಲ್ಲಿಂದಲೂ ಮಾನ್ವಿಯಿಂದಲೂ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳ ಕಷ್ಟ ನಮ್ಮ ಸೇವಾಕರ್ತರಿಗೆ ಗೊತ್ತಿದೆ. ಸ್ವಂತ ಹೊಲವೇ ಇಲ್ಲದ ಇಂಥವರಿಗೆ ತೋಟ ಬಂದರೆ ಸಿಗುವುದು ಕೂಲಿ. ಚಾಟ್ನಿ, ಕೊಯ್ಲು ಎರಡಕ್ಕೂ ಬಹಳ ಕೈಗಳು ಬೇಕು. ಆ ಕೂಲಿ ನ್ಯಾಯವಾಗಿರಬೇಕು, ಔಷಧಿ ಹೊಡೆಯುವವರಿಗೆ ರಕ್ಷಣೆ ಇರಬೇಕು, ಮಕ್ಕಳು ಶಾಲೆಯಲ್ಲಿರಬೇಕು. ಊರ ಹೆಸರು ಬಾಟಲಿಯ ಮೇಲೆ ಬಂದು, ಊರಿನ ಜನ ಮಾತ್ರ ಬಸ್ಸು ಹತ್ತಿ ಗುಳೆ ಹೋದರೆ, ಆ ಹೆಸರಿಗೆ ಅರ್ಥವಿಲ್ಲ.

ಕುಡಿತದ ಪ್ರಶ್ನೆ

ಇಲ್ಲಿ ಒಂದು ಕಠಿಣ ಮಾತನ್ನು ಮರೆಯುವಂತಿಲ್ಲ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ 2007ರಲ್ಲಿ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು. ಆದರೆ ಹಳ್ಳಿಯ ಮನೆಗಳಲ್ಲಿ ಕುಡಿತ ನಿಲ್ಲಲಿಲ್ಲ. ಸಾರಾಯಿ ಹೋದ ಕಡೆ ಅಗ್ಗದ ವಿಸ್ಕಿ ಪೊಟ್ಟಣ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ಅವರಲ್ಲಿ ರಾಯಚೂರು ಜಿಲ್ಲೆಯ ಕೂಲಿಕಾರ ಹೆಂಗಸರು ಬಹಳ ಮಂದಿ ಇದ್ದರು.

ಗಂಡನ ಕೂಲಿ ಅಂಗಡಿಯಲ್ಲೇ ಮುಗಿಯುವುದನ್ನು ಕಂಡ ತಾಯಿಗೆ, 'ವೈನ್ ಬೇರೆ, ಸಾರಾಯಿ ಬೇರೆ' ಎಂದು ಹೇಳಿದರೆ ಸಮಾಧಾನವಾಗುವುದಿಲ್ಲ. ಅವಳ ಮಾತಿಗೆ ನಾವು ಕಿವಿಗೊಡಬೇಕು. ಅದೇ ಸಮಯದಲ್ಲಿ, ಬಲಿಪೂಜೆಯ ದ್ರಾಕ್ಷಾರಸವನ್ನು ಕಂಡು ಪ್ರಶ್ನೆ ಕೇಳುವವರಿಗೆ ಸರಿಯಾದ ಉತ್ತರ ಕೊಡುವುದೂ ನಮ್ಮ ಕೆಲಸ.

ಪೀಠದ ದ್ರಾಕ್ಷಾರಸ

ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿಯಂತೆ ಬಲಿಪೂಜೆಗೆ ಬಳಸುವ ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ಹುಳಿತು ವಿನೆಗರ್ ಆದದ್ದನ್ನು ಬಳಸುವಂತಿಲ್ಲ. ಬೇರೆ ಹಣ್ಣಿನ ರಸವೂ ಸಲ್ಲದು. ಅದಕ್ಕೆ ಸ್ವಲ್ಪ ನೀರು ಬೆರೆಸಬೇಕು. ಕೆಂಪು ಬಿಳಿ ಎರಡೂ ಸಲ್ಲುತ್ತವೆ. ಬಟ್ಟೆಗೆ ಕಲೆಯಾಗದೆಂದು ಬಿಳಿಯದನ್ನೇ ಬಳಸುವ ಕಡೆಗಳೂ ಇವೆ.

ಸಕ್ಕರೆ, ಗೋಧಿ, ಮಸಾಲೆ ಹಾಕಿದ ನಮ್ಮ ಕ್ರಿಸ್ಮಸ್ ವೈನ್ ಎಷ್ಟು ರುಚಿಯಾಗಿದ್ದರೂ ಪೀಠಕ್ಕೆ ಸಲ್ಲುವುದಿಲ್ಲ ಎಂಬುದನ್ನು ಸಾಕ್ರಿಸ್ಟಿಯ ಹೊಣೆ ಹೊತ್ತವರು ನೆನಪಿಡಬೇಕು. ದೂರದ ಮಿಷನ್ ಕೇಂದ್ರಗಳಲ್ಲಿ ದ್ರಾಕ್ಷಾರಸ ಮುಗಿದಾಗ ಅಂಗಡಿಯಿಂದ ಯಾವುದೋ ಬಾಟಲಿ ತರುವ ಬದಲು, ಧರ್ಮಪ್ರಾಂತ್ಯದ ಮೂಲಕ ಬಂದದ್ದನ್ನೇ ಮೊದಲೇ ತರಿಸಿಟ್ಟುಕೊಳ್ಳುವುದು ಕ್ಷೇಮ.

ಕುಡಿತದ ಚಟದಿಂದ ಬಿಡಿಸಿಕೊಂಡ ಗುರುಗಳಿಗೂ ಧರ್ಮಸಭೆ ದಾರಿ ತೋರಿಸಿದೆ. 2003ರಲ್ಲಿ ರೋಮಿನಿಂದ ಬಂದ ಸೂಚನೆಯಂತೆ, ಧರ್ಮಾಧ್ಯಕ್ಷರ ಅನುಮತಿ ಪಡೆದು ಅವರು ಹುಳಿಯದಂತೆ ಕಾಪಾಡಿದ ತಾಜಾ ದ್ರಾಕ್ಷಿ ರಸವನ್ನು ಬಳಸಬಹುದು. ಚಟದಿಂದ ಬಿಡಿಸಿಕೊಂಡವನಿಗೆ ಒಂದು ಗುಟುಕೂ ಅಪಾಯ ಎಂಬುದನ್ನು ಧರ್ಮಸಭೆಯೇ ಒಪ್ಪಿದೆ. ಮಾನ್ವಿ, ದೇವದುರ್ಗದ ತಾಯಂದಿರ ಮುಂದೆ ಈ ಮಾತನ್ನು ನಾವು ಧೈರ್ಯವಾಗಿ ಹೇಳಬಹುದು.

ಕಾನಾ ಊರಿನ ಮದುವೆಯ ಮನೆಯಲ್ಲಿ ದ್ರಾಕ್ಷಾರಸ ಬಡ ಕುಟುಂಬದ ಮಾನ ಉಳಿಸಿತು. ಹಳೆಯ ರಾಯಚೂರಿನ ಮಣ್ಣಿನ ದ್ರಾಕ್ಷಿಯೂ ಅಲ್ಲಿನ ಕೂಲಿಕಾರರ, ಸಣ್ಣ ರೈತರ ಮಾನ ಉಳಿಸುವಂತಾಗಲಿ. ಮುಂದಿನ ಕ್ರಿಸ್ಮಸ್‌ಗೆ ದ್ರಾಕ್ಷಿ ಕೊಳ್ಳುವಾಗ ಅದು ಯಾವ ಊರಿನದು, ಯಾರು ಬೆಳೆದದ್ದು ಎಂದು ಒಮ್ಮೆ ಅಂಗಡಿಯವರನ್ನು ಕೇಳೋಣ. ಆ ಒಣ ಬಯಲಿನಲ್ಲಿ ದುಡಿಯುವ ನಮ್ಮ ಗುರುಗಳನ್ನು, ಧರ್ಮಭಗಿನಿಯರನ್ನು ಪ್ರಾರ್ಥನೆಯಲ್ಲಿ ನೆನೆಯೋಣ.