ಇಪ್ಪತ್ತು ಗಂಟೆಯ ಲೆಕ್ಕ ಯಾರ ತಲೆಗೆ?

ಜೂನ್ ಬಂತೆಂದರೆ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಗಳು ಖಾಲಿಯಾಗುತ್ತವೆ. ಬೆಂಗಳೂರಿನಿಂದಲೋ ದಾವಣಗೆರೆಯಿಂದಲೋ ಸಾಲ ಮಾಡಿ ಎಂ.ಎಸ್ಸಿ. ಓದಲು ಹೋದ ವಿದ್ಯಾರ್ಥಿ, ಬೇಸಿಗೆ ರಜೆಯಲ್ಲವೇ, ಇನ್ನು ಎಷ್ಟು ಹೊತ್ತಾದರೂ ದುಡಿಯಬಹುದು ಎಂದು ಭಾವಿಸುತ್ತಾನೆ. ಅವನನ್ನು ಕೆಲಸಕ್ಕಿಟ್ಟುಕೊಂಡ ಹೋಟೆಲಿನ ಮಾಲೀಕನೂ ಹಾಗೆಯೇ ಭಾವಿಸುತ್ತಾನೆ. ಇಬ್ಬರ ತಿಳಿವಳಿಕೆಯೂ ತಪ್ಪು. ಬೇಸಿಗೆಯ ರಜೆ ಪದವಿ ವಿದ್ಯಾರ್ಥಿಗಳದ್ದು. ಒಂದು ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗೆ ಅದು ಸಂಶೋಧನಾ ಪ್ರಬಂಧ ಬರೆಯುವ ಕಾಲ. ಕಾನೂನಿನ ಕಣ್ಣಿಗೆ ಅದೂ ತರಗತಿಯ ಅವಧಿಯೇ.

ತರಗತಿಯ ಅವಧಿಯಲ್ಲಿ ಪದವಿ ಹಾಗೂ ಅದಕ್ಕೂ ಮೇಲಿನ ಹಂತದ ವಿದ್ಯಾರ್ಥಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಅದಕ್ಕೂ ಕೆಳಗಿನ ಹಂತದವರಿಗೆ 10 ಗಂಟೆ. ವಾರವೆಂದರೆ ಸೋಮವಾರದಿಂದ ಭಾನುವಾರ. ಒಂದು ವಾರ 26 ಗಂಟೆ ದುಡಿದು ಮುಂದಿನ ವಾರ 14ಕ್ಕೆ ಇಳಿಸಿ ಸರಿದೂಗಿಸುವಂತಿಲ್ಲ. ಸಂಬಳವಿಲ್ಲದ ಕೆಲಸವೂ ಲೆಕ್ಕಕ್ಕೆ ಸೇರುತ್ತದೆ. ಸ್ವಂತ ಉದ್ಯೋಗ ನಿಷಿದ್ಧವಾದ್ದರಿಂದ, ಗುತ್ತಿಗೆಯ ಲೆಕ್ಕದಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸಕ್ಕೂ ಅವಕಾಶವಿಲ್ಲ.

ಮಾಲೀಕನ ಹೊಣೆಯೂ ಕಡಿಮೆಯೇನಲ್ಲ. 2006ರ ಕಾಯ್ದೆಯೊಂದರ ಅನ್ವಯ, 2008ರ ಫೆಬ್ರುವರಿ ಕೊನೆಯಿಂದ ಅಕ್ರಮ ನೇಮಕಾತಿಗೆ ತಲೆಗೆ ಇಷ್ಟೆಂದು ದಂಡ ವಿಧಿಸಲಾಗುತ್ತಿದೆ. ಮೊದಲ ತಪ್ಪಿಗೆ 15,000 ಪೌಂಡ್ ಇದ್ದ ಗರಿಷ್ಠ ದಂಡ 2024ರ ಫೆಬ್ರುವರಿಯಲ್ಲಿ 45,000ಕ್ಕೆ ಏರಿತು, ಮರುಕಳಿಸಿದರೆ 60,000. ವಿದ್ಯಾರ್ಥಿ ಸರ್ಕಾರಿ ಜಾಲತಾಣದಿಂದ ‘ಷೇರ್ ಕೋಡ್’ ಪಡೆದು ಕೊಡಬೇಕು. ಮಾಲೀಕ ಆ ಸಂಖ್ಯೆಯನ್ನೂ ಜನ್ಮದಿನಾಂಕವನ್ನೂ ನಮೂದಿಸಿ, ತೆರೆಯ ಮೇಲಿನ ಭಾವಚಿತ್ರವನ್ನು ಎದುರಿಗಿರುವ ಮುಖದೊಂದಿಗೆ ಹೋಲಿಸಿ, ಅದರ ಪ್ರತಿಯನ್ನು ಕೆಲಸ ಮುಗಿದ ಮೇಲೂ ಎರಡು ವರ್ಷ ಇಟ್ಟುಕೊಳ್ಳಬೇಕು. ಹುಡುಗ ತನ್ನ ಮೊಬೈಲಿನಲ್ಲಿ ತೋರಿಸಿದ ಚಿತ್ರ ನಡೆಯದು. ತರಗತಿ ಯಾವಾಗ, ರಜೆ ಯಾವಾಗ ಎಂಬುದಕ್ಕೂ ದಾಖಲೆ ಪಡೆಯಬೇಕು. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದು ಪದವಿ ತರಗತಿಗಳ ವೇಳಾಪಟ್ಟಿ. ಅದನ್ನೇ ನಂಬಿದ ಮಾಲೀಕ ಎಡವುವುದು ಇಲ್ಲಿಯೇ.

ಈ ಗೊಡವೆಯೇ ಬೇಡವೆಂದು ವಿದೇಶಿ ವಿದ್ಯಾರ್ಥಿಗಳನ್ನು ಹತ್ತಿರವೇ ಸೇರಿಸದ ಮಾಲೀಕರೂ ಇದ್ದಾರೆ. ಮೈಬಣ್ಣ ನೋಡಿ ಕೆಲವರನ್ನಷ್ಟೇ ಪರಿಶೀಲಿಸುವುದಂತೂ 2010ರ ಸಮಾನತಾ ಕಾಯ್ದೆಗೆ ವಿರುದ್ಧ.

ಪರಿಶೀಲನೆ ಬೇಡವೆಂದು ನಾನು ವಾದಿಸುತ್ತಿಲ್ಲ. ಆದರೆ ಅದು ಕಾಪಾಡುವುದು ಯಾರನ್ನು ಎಂಬುದನ್ನು ನೋಡಬೇಕು. ಕ್ರಮಬದ್ಧವಾಗಿ ಪರಿಶೀಲಿಸಿದ ಮಾಲೀಕನಿಗೆ ದಂಡದಿಂದ ಪಾರಾಗಲು ಕಾನೂನೇ ಒಂದು ನೆಪ ಒದಗಿಸುತ್ತದೆ. ಅಂಗಡಿಯಲ್ಲಿ 12 ಗಂಟೆ, ಹೋಟೆಲಿನಲ್ಲಿ 12 ಗಂಟೆ ದುಡಿದ ವಿದ್ಯಾರ್ಥಿಗೆ ಅಂಥ ನೆಪವಿಲ್ಲ. ಮಾಲೀಕರಿಬ್ಬರೂ ತಂತಮ್ಮ ಲೆಕ್ಕದಲ್ಲಿ ಮಿತಿಯೊಳಗೇ ಇದ್ದಾರೆ, ಮೀರಿದವನು ಅವನೊಬ್ಬನೇ. ಅವನ ವೀಸಾ ರದ್ದಾಗಬಹುದು, ಅರ್ಧಕ್ಕೆ ನಿಂತ ಓದಿನೊಂದಿಗೆ ಊರಿಗೆ ಮರಳಬೇಕಾಗಬಹುದು. 2016ರ ಜುಲೈಯಿಂದ ಅಕ್ರಮ ದುಡಿಮೆಯೇ ಅಪರಾಧ. ದುಡಿದ ಹಣವನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು.

ಇದರ ಲಾಭ ಯಾರಿಗೆ? 20 ಗಂಟೆಗೆ ಸಂಬಳದ ಚೀಟಿ ಕೊಟ್ಟು, ಉಳಿದ ಗಂಟೆಗಳಿಗೆ ಕೈಯಲ್ಲಿ ಕಾಸು ಕೊಡುವ, ಅದೂ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವ ಮಾಲೀಕನಿಗೆ. ದೂರು ಕೊಡಹೋದರೆ ವಿದ್ಯಾರ್ಥಿ ಮೊದಲು ತನ್ನ ತಪ್ಪನ್ನೇ ಒಪ್ಪಿಕೊಳ್ಳಬೇಕಾಗುತ್ತದೆ.

ಆಸ್ಟ್ರೇಲಿಯಾ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 2015ರಲ್ಲಿ ಅಲ್ಲಿನ ಸೆವೆನ್ ಇಲೆವೆನ್ ಅಂಗಡಿಗಳ ಹಗರಣ ಬಯಲಿಗೆ ಬಂತು. ವಿದ್ಯಾರ್ಥಿಗಳು 40 ಗಂಟೆ ದುಡಿದರೂ ಪುಸ್ತಕದಲ್ಲಿ 20 ಎಂದು ಬರೆದು ಅರ್ಧ ಕೂಲಿ ಕೊಟ್ಟದ್ದು, ಬಾಯಿ ಬಿಟ್ಟರೆ ವಲಸೆ ಇಲಾಖೆಗೆ ತಿಳಿಸುವುದಾಗಿ ಬೆದರಿಸಿದ್ದು ಪತ್ರಕರ್ತರ ತನಿಖೆಯಿಂದ ಗೊತ್ತಾಯಿತು. 2023ರ ಜುಲೈಯಿಂದ ಅಲ್ಲಿನ ಮಿತಿ ಹದಿನೈದು ದಿನಕ್ಕೆ 48 ಗಂಟೆ. ಒಂದು ವಾರದ ಏರುಪೇರನ್ನು ಮುಂದಿನ ವಾರ ಸರಿಪಡಿಸಿಕೊಳ್ಳಬಹುದು. 2024ರ ಜುಲೈಯಿಂದ, ಶೋಷಣೆಯ ವಿರುದ್ಧ ದೂರು ಕೊಡುವ ಕಾರ್ಮಿಕನ ವೀಸಾ ರದ್ದಾಗದಂತೆ, ಕೆಲವು ಷರತ್ತುಗಳಿಗೆ ಒಳಪಟ್ಟು, ರಕ್ಷಣೆಯೂ ದೊರೆತಿದೆ. ದಂಡವನ್ನು ಮೂರು ಪಟ್ಟು ಮಾಡಿದ ಬ್ರಿಟನ್ ಇದನ್ನೂ ಎರವಲು ತರಬೇಕಿತ್ತು.

ನಮ್ಮ ಊರಿನ ಏಜೆಂಟರ ಲೆಕ್ಕವನ್ನೂ ಸ್ವಲ್ಪ ನೋಡೋಣ. ‘ಅಲ್ಲಿಯೇ ದುಡಿದು ಸಾಲ ತೀರಿಸಬಹುದು’ ಎನ್ನುತ್ತಾರೆ ಅವರು. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕನಿಷ್ಠ ಕೂಲಿ, 21 ವರ್ಷ ತುಂಬಿದವರಿಗೆ, ಗಂಟೆಗೆ 12.21 ಪೌಂಡ್. 20 ಗಂಟೆಗೆ ಸುಮಾರು 244, ತಿಂಗಳಿಗೆ ಸಾವಿರದ ಆಸುಪಾಸು. ಲಂಡನ್ನಿನಲ್ಲಿ ಓದುವವರು ಜೀವನ ವೆಚ್ಚಕ್ಕೆಂದು ತೋರಿಸಬೇಕಾದ ಹಣವನ್ನು ಅಲ್ಲಿನ ಸರ್ಕಾರವೇ ಅದೇ ವರ್ಷದ ನವೆಂಬರ್‌ನಲ್ಲಿ ತಿಂಗಳಿಗೆ 1,529 ಪೌಂಡ್ ಎಂದು ನಿಗದಿಪಡಿಸಿತು. ಊಟ, ಬಾಡಿಗೆಗೇ ಐನೂರು ಪೌಂಡ್ ಕಡಿಮೆ ಬೀಳುವಲ್ಲಿ ಬ್ಯಾಂಕಿನ ಕಂತು ಕಟ್ಟುವುದು ಇಪ್ಪತ್ತೊಂದನೆಯ ಗಂಟೆಯಿಂದಲೇ. ಆ ಗಂಟೆಯ ಬೆಲೆಯನ್ನು ಏಜೆಂಟರು ಹೇಳುವುದಿಲ್ಲ, ತಂದೆತಾಯಿಯರು ಕೇಳುವುದೂ ಇಲ್ಲ.