ಅಮ್ಮನ ಮಂಡಿ ಮತ್ತು ಬದಲಾಗದ ಹಗ್ಗ

ಮೈಸೂರಿನಿಂದ ಬಂದಿದ್ದ ಅಮ್ಮ ಕೋಲ್ಕತ್ತದ ಕಾಳಿಘಾಟ್ ಮೆಟ್ರೋ ಮೆಟ್ಟಿಲಲ್ಲಿ ಅರ್ಧಕ್ಕೇ ನಿಂತುಬಿಟ್ಟಳು. "ಮಂಡಿ ಸವೆದುಹೋಗಿದೆ ಕಣೋ, ವಯಸ್ಸಾಯ್ತಲ್ಲ" ಎಂದಳು. ಔಷಧಿ ಅಂಗಡಿಯವನು ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಸೇರಿದ ಮಾತ್ರೆಯ ಡಬ್ಬಿ ಕೊಟ್ಟು, ಸವೆದದ್ದು ಮತ್ತೆ ಬೆಳೆಯುತ್ತದೆ ಎಂದ. ಕೊಂಡು ತಂದೆ. ನಿಜವಾಗಿ ಸವೆಯುವುದೇನು ಎಂದು ಆಮೇಲೆ ಓದಿದೆ.

ಮೂಳೆಗಳ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಯಲ್ಲಿ ಎರಡು ಅಣುಗಳು ಮುಖ್ಯ. ಒಂದು ಕೊಲಾಜನ್, ಮೂರು ಎಳೆ ಹೊಸೆದ ಹಗ್ಗ. ಈ ಹೊಸೆತವನ್ನು 1954ರಲ್ಲಿ ಮದ್ರಾಸಿನಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಇನ್ನೊಂದು ಅಗ್ರಿಕಾನ್, ಬಾಟಲಿ ತೊಳೆಯುವ ಬ್ರಷ್ಷಿನಂಥ ದೊಡ್ಡ ಅಣು. ಅದರ ಕೂದಲುಗಳೇ ಕಾಂಡ್ರಾಯ್ಟಿನ್ ಸಲ್ಫೇಟ್ ಮತ್ತು ಕೆರಟಾನ್ ಸಲ್ಫೇಟ್ ಸರಪಳಿಗಳು. ಅವು ನೀರು ಹೀರಿ ಉಬ್ಬುತ್ತವೆ, ಕೊಲಾಜನ್ ಬಿಗಿದು ಹಿಡಿಯುತ್ತದೆ. ಕಾಲೂರಿದಾಗ ಭಾರ ಹೊರುವುದು ಈ ಜೋಡಿ.

ವಯಸ್ಸಾದಂತೆ ಕಿಣ್ವಗಳು ಅಗ್ರಿಕಾನನ್ನು ತುಂಡರಿಸುತ್ತವೆ. ಕಾಂಡ್ರಾಯ್ಟಿನ್ ಸರಪಳಿಗಳು ಗಿಡ್ಡವಾಗುತ್ತವೆ, ಕೆರಟಾನಿನ ಪಾಲು ಹೆಚ್ಚುತ್ತದೆ, ನೀರು ಹಿಡಿಯುವ ಶಕ್ತಿ ಕುಗ್ಗುತ್ತದೆ. ಕೊಲಾಜನ್‌ಗೆ ದೇಹದ ಸಕ್ಕರೆ ನಿಧಾನವಾಗಿ ಅಂಟಿ, ಎಳೆಗಳ ನಡುವೆ ಬೆಸುಗೆ ಬಿದ್ದು, ಅದು ಪೆಡಸಾಗಿ ಹಳದಿಗೆ ತಿರುಗುತ್ತದೆ. ಹಳೆಯದು ಹೋಗಿ ಹೊಸದು ಬರುವುದಿಲ್ಲವೇ? ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳು 2000ದಲ್ಲಿ ಲೆಕ್ಕ ಹಾಕಿದ ಪ್ರಕಾರ ಚರ್ಮದ ಕೊಲಾಜನ್ ಅರ್ಧ ಬದಲಾಗಲು ಸುಮಾರು 15 ವರ್ಷ ಬೇಕು. ಮೃದ್ವಸ್ಥಿಯದ್ದಕ್ಕೆ 117 ವರ್ಷ! ಅಮ್ಮ ಹುಡುಗಿಯಾಗಿದ್ದಾಗ ಹೊಸೆದ ಹಗ್ಗವೇ ಇಂದಿಗೂ ಅವಳನ್ನು ಹೊರುತ್ತಿದೆ.

ಹಾಗಾದರೆ ಮಾತ್ರೆ? 2006ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ ಮಂಡಿನೋವಿನ 1583 ಜನರಿದ್ದರು. ಒಟ್ಟಾರೆ ನೋಡಿದರೆ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಎರಡೂ ಸೇರಿಯೂ ಹುಸಿಮಾತ್ರೆಗಿಂತ ಹೆಚ್ಚೇನೂ ನೋವು ತಗ್ಗಿಸಲಿಲ್ಲ. ನುಂಗಿದ್ದು ಮಂಡಿಯೊಳಗೆ ಹೋಗಿ ಬ್ರಷ್ಷಿನ ಕೂದಲಾಗುವುದಿಲ್ಲ.

ಆದರೆ ಅಮ್ಮನ ಮಾತೂ ಪೂರ್ತಿ ಸರಿಯಲ್ಲ. ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ನೋವು ಬರುವುದು ಸುತ್ತಲಿನ ಪೊರೆ, ಮೂಳೆಗಳಿಂದ. ಸವೆದಿದ್ದೂ ನೋವಿಲ್ಲದೆ ಓಡಾಡುವವರಿದ್ದಾರೆ. ತೊಡೆಯ ಸ್ನಾಯು ಗಟ್ಟಿಯಾದರೆ ನೋವು ಎಷ್ಟೋ ಕಡಿಮೆಯಾಗುತ್ತದೆ.

ಈಗ ಅಮ್ಮ ದಿನಾ ಕುರ್ಚಿಯಲ್ಲಿ ಕುಳಿತು ಕಾಲು ನೀಡಿ ಹತ್ತು ಎಣಿಸುತ್ತಾಳೆ. ಸಂಜೆ ರವೀಂದ್ರ ಸರೋವರದ ದಡದಲ್ಲಿ ನಿಧಾನವಾಗಿ ನಡೆಯುತ್ತಾಳೆ. ಮಂಡಿ ಹೊಸದಾಗಿಲ್ಲ. ಕಾಳಿಘಾಟ್ ಮೆಟ್ಟಿಲನ್ನು ಮಾತ್ರ ಮೊನ್ನೆ ಒಮ್ಮೆಯೂ ನಿಲ್ಲದೆ ಹತ್ತಿದಳು.